ಪಿನ್ನು ಕೂತರೆ ಸಾಕೆ?

ಬೀಸುವ ಪದ, ಸೋಬಾನೆ ಪದ, ನಾಟಿ ಪದ. ಇವನ್ನು ಬಲ್ಲ ಅಜ್ಜಿಯರು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ. ಆದರೆ ಬೀಸುವ ಕಲ್ಲು ಮೂಲೆ ಸೇರಿತು. ಪದ ಹೇಳುವ ಹೊತ್ತೂ ಕಡಿಮೆ ಆಯಿತು. ಅಜ್ಜಿ ಹೋದರೆ ಪದವೂ ಅವರ ಜೊತೆಗೇ ಹೋಗುತ್ತದೆ.

ಅಂಕೋಲಾದ ಸುಕ್ರಿ ಬೊಮ್ಮಗೌಡ ಅವರ ಹೆಸರು ಕೇಳಿದ್ದೀರಾ? ಹಾಲಕ್ಕಿ ಜನಾಂಗದ ಹಾಡುಗಾರ್ತಿ. ಪುಸ್ತಕ ನೋಡಿ ಹಾಡಿದವರಲ್ಲ. ಹಾಡೆಲ್ಲ ಅವರ ನೆನಪಿನಲ್ಲೇ ಇತ್ತು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು. 2025ರಲ್ಲಿ ತೀರಿಕೊಂಡರು. ಅವರ ಹಾಡು ಕೇಳಲು ದೂರದಿಂದ ಜನ ಬಂದರು. ನಮ್ಮ ಬೀದಿಯ ಅಜ್ಜಿಯ ಹಾಡು ಕೇಳಲು ಯಾರು ಬರುತ್ತಾರೆ? ನಾವೇ ಹೋಗಬೇಕು. ನಾವೇ ರೆಕಾರ್ಡ್ ಮಾಡಬೇಕು.

ಮೊಬೈಲ್ ಈಗ ಬಹಳ ಮನೆಗಳಲ್ಲಿದೆ. ಅದರಲ್ಲೇ ಒಂದು ಮೈಕೂ ಇದೆ. ಆದರೆ ಅದು ಎಲ್ಲವನ್ನೂ ಕೇಳಿಸಿಕೊಳ್ಳುತ್ತದೆ. ಪಕ್ಕದ ಮನೆಯ ಮಿಕ್ಸಿ, ಕೋಳಿ, ಗಾಳಿ ಎಲ್ಲ ಸೇರಿಬಿಡುತ್ತವೆ. ಅಜ್ಜಿಯ ದನಿ ಹಿಂದೆ ಬೀಳುತ್ತದೆ. ಅದಕ್ಕೇ ಸೆರಗಿಗೆ ಸಿಕ್ಕಿಸುವ ಪುಟ್ಟ ಮೈಕು ಒಳ್ಳೆಯದು. ಬಾಯಿಂದ ಒಂದು ಗೇಣು ಕೆಳಗೆ ಸಿಕ್ಕಿಸಿದರೆ ದನಿ ಚೆನ್ನಾಗಿ ಬರುತ್ತದೆ.

ಮೈಕು ತಂದೆವು. ಪಿನ್ನನ್ನು ಮೊಬೈಲಿಗೆ ಹಾಕಿದೆವು. ಟಕ್ ಅಂತ ಕೂತಿತು. ಇನ್ನೇನು, ಹಾಡಿಸೋಣ ಅನ್ನುತ್ತೇವೆ. ಸ್ವಲ್ಪ ನಿಲ್ಲಿ. ಪಿನ್ನು ಕೂತ ಮಾತ್ರಕ್ಕೆ ಮೈಕು ಕೆಲಸ ಮಾಡುತ್ತದೆ ಅಂತಲ್ಲ.

ಆ ಪಿನ್ನನ್ನು ಹೊರಗೆ ತೆಗೆದು ಬೆಳಕಿಗೆ ಹಿಡಿದು ನೋಡಿ. ಅದರ ಮೇಲೆ ಬಳೆ ತೊಟ್ಟ ಹಾಗೆ ಸಣ್ಣ ಗೆರೆಗಳಿವೆ. ಕಪ್ಪೋ ಬಿಳಿಯೋ ಇರಬಹುದು. ಎಣಿಸಿ. ಕೆಲವು ಪಿನ್ನುಗಳಿಗೆ ಎರಡು ಗೆರೆ, ಕೆಲವಕ್ಕೆ ಮೂರು. ಎರಡು ಗೆರೆ ಇದ್ದರೆ ಪಿನ್ನಿನಲ್ಲಿ ಮೂರು ಲೋಹದ ತುಂಡು ಇವೆ ಅಂತ ಅರ್ಥ. ಮೂರು ಗೆರೆ ಇದ್ದರೆ ನಾಲ್ಕು ತುಂಡು. ಒಂದೊಂದು ತುಂಡಿಗೂ ಒಂದೊಂದು ಕೆಲಸ.

ಮೊಬೈಲಿನ ದುಂಡು ತೂತಿಗೆ ನಾಲ್ಕು ತುಂಡಿನ ಪಿನ್ನು ಬೇಕು. ಎರಡು ತುಂಡು ಎರಡು ಕಿವಿಗೆ. ಒಂದು ತುಂಡು ಅರ್ಥ್. ಇನ್ನೊಂದು ಮೈಕಿಗೆ. ಕ್ಯಾಮೆರಾಕ್ಕೆ ಅಂತ ಮಾಡಿದ ಮೈಕುಗಳಿಗೆ ಹೆಚ್ಚಾಗಿ ಮೂರೇ ತುಂಡು ಇರುತ್ತವೆ. ದಪ್ಪ ಎರಡಕ್ಕೂ ಒಂದೇ, ಮೂರೂವರೆ ಮಿಲಿಮೀಟರ್. ಅದಕ್ಕೇ ಮೋಸ ಹೋಗುವುದು. ಪಿನ್ನು ಕೂರುತ್ತದೆ. ಆದರೆ ಮೊಬೈಲು ಮೈಕನ್ನು ಹುಡುಕುವ ಜಾಗದಲ್ಲಿ ಅರ್ಥ್ ಇರುತ್ತದೆ. ಮೈಕು ಇಲ್ಲವೇ ಇಲ್ಲ ಅಂದುಕೊಂಡು ಮೊಬೈಲು ತನ್ನ ಒಳಗಿನ ಮೈಕಿನಿಂದಲೇ ರೆಕಾರ್ಡ್ ಮಾಡಿಕೊಳ್ಳುತ್ತದೆ. ನಮಗೆ ತಿಳಿಯುವುದೇ ಇಲ್ಲ. ಮನೆಗೆ ಬಂದು ಕೇಳಿದರೆ ಮಿಕ್ಸಿ, ಕೋಳಿ, ಗಾಳಿ!

ಇದಕ್ಕೆ ಒಂದು ಪುಟ್ಟ ಅಡಾಪ್ಟರ್ ಸಿಗುತ್ತದೆ. ಅಡಾಪ್ಟರ್ ಅಂದರೆ ಏನು? ನಲ್ಲಿಗೂ ಪೈಪಿಗೂ ಅಳತೆ ಕೂಡದಿದ್ದರೆ ನಡುವೆ ಒಂದು ಜೋಡಣೆ ಹಾಕುತ್ತೇವಲ್ಲ, ಹಾಗೆ. ಇದರ ಒಂದು ಕಡೆ ಮೂರು ಗೆರೆಯ ಪಿನ್ನು ಇರಬೇಕು. ಅದು ಮೊಬೈಲಿಗೆ. ಇನ್ನೊಂದು ಕಡೆ ಎರಡು ತೂತು. ಒಂದರ ಪಕ್ಕ ಮೈಕಿನ ಚಿತ್ರ, ಇನ್ನೊಂದರ ಪಕ್ಕ ಇಯರ್ ಫೋನಿನ ಚಿತ್ರ ಇರುತ್ತದೆ. ಮೈಕನ್ನು ಮೈಕಿನ ಚಿತ್ರದ ಕಡೆಗೇ ಹಾಕಿ.

ಈಗಿನ ಹಲವು ಮೊಬೈಲುಗಳಿಗೆ ದುಂಡು ತೂತೇ ಇಲ್ಲ. ಚಾರ್ಜರ್ ಹಾಕುವ ಚಪ್ಪಟೆ ಬಾಯಿ ಮಾತ್ರ. ಅದಕ್ಕೂ ಅಡಾಪ್ಟರ್ ಇದೆ. ಕೆಲವು ಹಾಡು ಕೇಳುವುದಕ್ಕೆ ಮಾತ್ರ ಆಗುತ್ತವೆ, ಮೈಕಿಗೆ ಆಗುವುದಿಲ್ಲ. ಕೆಲವು ಒಂದು ಮೊಬೈಲಿಗೆ ಕೂಡಿದರೆ ಇನ್ನೊಂದಕ್ಕೆ ಕೂಡುವುದಿಲ್ಲ. ಅಂಗಡಿಯವರು 'ಎಲ್ಲದಕ್ಕೂ ಆಗುತ್ತಮ್ಮ' ಅಂತಾರೆ. ನಂಬಬೇಡಿ ಅಂತಲ್ಲ, ನೋಡಿ ನಂಬಿ. ಮೈಕು, ಮೊಬೈಲು ಎರಡನ್ನೂ ಅಂಗಡಿಗೆ ತೆಗೆದುಕೊಂಡು ಹೋಗಿ. ದುಡ್ಡು ಕೊಡುವ ಮೊದಲು ಅಲ್ಲೇ ಹಾಕಿ ನೋಡಿ.

ಹೇಗೆ ನೋಡುವುದು? ಸುಲಭ. ರೆಕಾರ್ಡ್ ಶುರು ಮಾಡಿ. ಮೈಕನ್ನು ಉಗುರಿನಿಂದ ಮೆಲ್ಲಗೆ ಕೆರೆಯಿರಿ. ಆಮೇಲೆ ಮೊಬೈಲಿನ ಕೆಳ ಅಂಚನ್ನು ಕೆರೆಯಿರಿ. ನಿಲ್ಲಿಸಿ ಕೇಳಿ. ಮೈಕು ಕೆರೆದದ್ದು ಜೋರಾಗಿ ಕೇಳಿದರೆ ಸರಿ. ಮೊಬೈಲು ಕೆರೆದದ್ದೇ ಜೋರಾಗಿ ಕೇಳಿದರೆ ಮೈಕು ಕೂಡಿಲ್ಲ. ಅಜ್ಜಿಯನ್ನು ಕೂರಿಸಿದ ಮೇಲೂ ಇನ್ನೊಂದು ಸಲ ಹೀಗೆ ನೋಡಿ. ಅವರಿಗೆ ವಯಸ್ಸಾಗಿದೆ. ಅರ್ಧ ಗಂಟೆ ಹಾಡಿಸಿ, 'ಬಂದಿಲ್ಲ ಅಜ್ಜಿ, ಮತ್ತೆ ಹಾಡಿ' ಅನ್ನುವುದು ಯಾವ ನ್ಯಾಯ?

ಜಾತ್ರೆ, ಮದುವೆಗೆ ತರುವ ಮೈಕ್ ಸೆಟ್ಟಿನ ಮಾತು ಬೇರೆ. ಅದರ ಆಂಪ್ಲಿಫೈಯರಿಂದ ವೈರು ಎಳೆದು ಮೊಬೈಲಿಗೆ ಸೇರಿಸೋಣ ಅನ್ನಿಸಬಹುದು. ಪಿನ್ನೂ ಕೂರುತ್ತದೆ. ಆದರೆ ಮೈಕಿನಿಂದ ಬರುವ ಕರೆಂಟು ಬಹಳ ಸಣ್ಣದು. ಒಂದು ವೋಲ್ಟಿನ ಸಾವಿರದಲ್ಲಿ ಕೆಲವು ಪಾಲು. ಆಂಪ್ಲಿಫೈಯರಿನ ರೆಕಾರ್ಡಿಂಗ್ ತೂತಿನಿಂದ ಬರುವುದು ಹೆಚ್ಚುಕಡಿಮೆ ಒಂದು ವೋಲ್ಟು. ಒಳಲೆಯಲ್ಲಿ ಹಾಲು ಕುಡಿಯುವ ಕೂಸಿಗೆ ಕೊಡವನ್ನೇ ಬಗ್ಗಿಸಿದ ಹಾಗಾಗುತ್ತದೆ. ದನಿ ಒಡೆದು ಗರಗರ ಅನ್ನುತ್ತದೆ. ಸ್ಪೀಕರಿಗೆ ಹೋಗುವ ವೈರನ್ನಂತೂ ಮೊಬೈಲಿಗೆ ಮುಟ್ಟಿಸಲೇಬೇಡಿ. ಅದರಲ್ಲಿ ಇನ್ನೂ ಹೆಚ್ಚು ಇರುತ್ತದೆ. ಮೊಬೈಲೇ ಸುಟ್ಟುಹೋಗಬಹುದು. ಅಂಥ ಕಡೆ ಹಾಡುವವರ ಮುಂದೆ ನಮ್ಮ ಮೈಕನ್ನೂ ಬೇರೆಯಾಗಿ ಇಡುವುದೇ ಸುಲಭ ಅಂತ ನಮಗೆ ಕಾಣುತ್ತದೆ.

ವೈರಿನ ಉದ್ದವೂ ಲೆಕ್ಕಕ್ಕೆ ಬರುತ್ತದೆ. ಸಣ್ಣ ಮೈಕಿನ ತೆಳು ವೈರನ್ನು ತುಂಬ ಉದ್ದ ಮಾಡಿದರೆ ಗುಂಯ್ ಅನ್ನುವ ಸದ್ದು ಸೇರುತ್ತದೆ. ದೊಡ್ಡ ಮೈಕುಗಳ ದಪ್ಪ ಕೇಬಲಿಗೆ ಮೂರು ಕಡ್ಡಿಯ ತಲೆ ಇರುತ್ತದಲ್ಲ, ಅದರ ಉಪಾಯ ಚೆಂದ. ಅದೇ ದನಿಯನ್ನು ಎರಡು ತಂತಿಗಳು ಒಂದಕ್ಕೊಂದು ಉಲ್ಟಾ ಹೊರುತ್ತವೆ. ಹೊರಗಿನ ಸದ್ದು ಎರಡರ ಮೇಲೂ ಒಂದೇ ರೀತಿ ಬೀಳುತ್ತದೆ. ಯಂತ್ರ ಎರಡರ ವ್ಯತ್ಯಾಸವನ್ನಷ್ಟೇ ತೆಗೆದುಕೊಳ್ಳುತ್ತದೆ. ಹೊರಗಿನ ಸದ್ದು ಕಳೆದುಹೋಗುತ್ತದೆ, ದನಿ ಉಳಿಯುತ್ತದೆ. ಅದಕ್ಕೇ ಆ ಕೇಬಲನ್ನು ದೂರ ಎಳೆದರೂ ತೊಂದರೆ ಇಲ್ಲ.

ನಮ್ಮ ಸಣ್ಣ ಮೈಕಿನಲ್ಲಿ ಗುಂಯ್ ಅಂದರೆ ಮೊದಲು ಚಾರ್ಜರ್ ತೆಗೆಯಿರಿ. ಬ್ಯಾಟರಿಯಲ್ಲೇ ರೆಕಾರ್ಡ್ ಮಾಡಿ. ಕರೆಂಟಿನ ವೈರಿನ ಪಕ್ಕದಿಂದ ಮೈಕಿನ ವೈರನ್ನು ದೂರ ಇಡಿ. ಬಹಳ ಸಲ ಇಷ್ಟಕ್ಕೇ ನಿಂತುಹೋಗುತ್ತದೆ.

ಇದೆಲ್ಲ ಗಂಡಸರ ಕೆಲಸ ಅಂತ ಹೇಳುವವರಿದ್ದಾರೆ. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ 'ನಮ್ಮ ಧ್ವನಿ' ಅಂತ ಊರಿನ ಜನರದೇ ಬಾನುಲಿ ಕೇಂದ್ರ ಶುರುವಾಯಿತು. ಆಗ ಅಂಥವರಿಗೆ ಗಾಳಿಯಲ್ಲಿ ಹರಡಲು ಪರವಾನಗಿ ಸಿಗುತ್ತಿರಲಿಲ್ಲ. ಕೇಬಲ್ ಟಿವಿಯ ವೈರಿನಲ್ಲೇ ದನಿಯನ್ನು ಮನೆಮನೆಗೆ ಕಳಿಸಿದರು. ಅಲ್ಲಿ ಮೈಕು ಹಿಡಿದವರಲ್ಲಿ ಸಂಘದ ಹೆಣ್ಣುಮಕ್ಕಳೂ ಇದ್ದರು.

ಅಜ್ಜಿಯ ಒಪ್ಪಿಗೆ ಕೇಳಿಯೇ ಶುರು ಮಾಡಿ. ಅವರ ಹೆಸರು, ಊರು, ಆ ದಿನದ ತಾರೀಕನ್ನು ಮೊದಲೇ ಮೈಕಿನಲ್ಲಿ ಹೇಳಿ. ಒಂದು ಪದ ಮುಗಿದ ಕೂಡಲೇ ಅವರಿಗೂ ಕೇಳಿಸಿ. 'ಅಯ್ಯೋ, ಒಂದು ಸೊಲ್ಲು ಬಿಟ್ಟೆ ಕಣೇ' ಅಂತಾರೆ. ಬಿಟ್ಟದ್ದನ್ನು ಆಗಲೇ ಹಾಡಿಸಿಕೊಳ್ಳಿ. ಮನೆಗೆ ಹೋದ ಮೇಲೆ ಇನ್ನೊಬ್ಬರ ಮೊಬೈಲಿಗೂ ಕಳಿಸಿಡಿ. ಒಂದು ಮೊಬೈಲು ನೀರಿಗೆ ಬಿದ್ದರೂ ಪದ ಇನ್ನೊಂದರಲ್ಲಿ ಇರುತ್ತದೆ.