ಮಗಳ ಬಯಕೆಗೆ ಸಿಹಿ-ಹುಳಿ ಸೀಗಡಿ

ಬಸುರಿ ಹೆಂಗಸಿನ ಬಯಕೆ ಯಾವಾಗ ಯಾವುದರ ಮೇಲೆ ಬೀಳುತ್ತದೋ ಹೇಳಲಾಗದು, ಅಲ್ಲವೇ? ಐದು ತಿಂಗಳಾದಾಗ ನನ್ನ ದೊಡ್ಡ ಮಗಳು ಹಲಸೂರಿನ ನಮ್ಮ ಮನೆಗೆ ಬಂದಳು. ಅನ್ನ ಕಂಡರೆ ವಾಕರಿಕೆ. ಮೈ ಇಳಿದುಹೋಗಿತ್ತು. ಚಿತ್ರಾನ್ನ ಮಾಡಿದೆ, ಬಿಸಿಬೇಳೆಬಾತ್ ಮಾಡಿದೆ; ಎರಡು ತುತ್ತಿಗೇ ತಟ್ಟೆ ಸರಿಸಿಬಿಡುತ್ತಿದ್ದಳು. ಒಂದು ದಿನ ತಾನಾಗಿಯೇ, "ಅಮ್ಮಾ, ಹುಳಿ ಸಿಹಿ ಹಾಕಿ ಸೀಗಡಿ ಮಾಡಿಕೊಡ್ತೀಯಾ?" ಅಂದಳು.

"ಸೀಗಡಿ ಉಷ್ಣ, ಬಸುರಿಗೆ ಬೇಡ. ಅದಕ್ಕೆ ಬೆಲ್ಲ ಬೇರೆ ಕೇಡು!" ಅಂತ ಅತ್ತೆಯವರು ಗದರಿದರು. ದೊಡ್ಡವರ ಮಾತು ತೆಗೆದುಹಾಕೋ ಹಾಗಿಲ್ಲ. ತಪಾಸಣೆಗೆ ಹೋದಾಗ ಡಾಕ್ಟರಮ್ಮನನ್ನೇ ಕೇಳಿದೆ. "ತಾಜಾ ಇರಲಿ, ಪೂರ್ತಿ ಬೇಯಲಿ. ಮೊದಲಿಂದ ತಿಂದು ಒಗ್ಗಿದ್ದರೆ ಸಾಕು" ಅಂದರು. ಸೀಗಡಿ ತಿಂದರೆ ಮೈಮೇಲೆ ದದ್ದು ಏಳುವವರು, ತುಟಿ ಊದುವವರು ಮಾತ್ರ ರುಚಿ ನೋಡಲಿಕ್ಕೂ ಮುಟ್ಟಬೇಡಿ.

ಬೆಳಿಗ್ಗೆಯೇ ಶಿವಾಜಿನಗರದ ರಸೆಲ್ ಮಾರ್ಕೆಟ್ಟಿಗೆ ಹೋದೆ. 1927ರಲ್ಲಿ ಬ್ರಿಟಿಷರ ಕಾಲದಲ್ಲಿ ಕಟ್ಟಿದ್ದು. 2012ರಲ್ಲಿ ಬೆಂಕಿ ಬಿದ್ದು ಎಷ್ಟೋ ಅಂಗಡಿ ಸುಟ್ಟರೂ ವ್ಯಾಪಾರ ನಿಲ್ಲಲಿಲ್ಲ. ಸಮುದ್ರವಿಲ್ಲದ ನಮ್ಮೂರಿಗೆ ಮೀನು ಐಸಿನಲ್ಲೇ ಬರಬೇಕು. ಜೂನ್, ಜುಲೈನಲ್ಲಿ ನಮ್ಮ ಕರಾವಳಿಯ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆಗ ಆಂಧ್ರದ ಕೊಳಗಳಲ್ಲಿ ಸಾಕಿದ ಸೀಗಡಿ ನಮ್ಮ ಕೈ ಹಿಡಿಯುತ್ತದೆ. ತಲೆ ಗಟ್ಟಿಯಾಗಿ ಅಂಟಿಕೊಂಡಿದೆಯೇ ನೋಡಿ. ಘಾಟು ಮೂಗಿಗೆ ಹೊಡೆದರೆ, ಎಷ್ಟೇ ಅಗ್ಗವಿರಲಿ, ಬಿಟ್ಟು ಬನ್ನಿ. ತಲೆ, ಸಿಪ್ಪೆ ತೆಗೆದರೆ ಅರ್ಧ ಕಿಲೋ ಹೆಚ್ಚುಕಮ್ಮಿ ಕಾಲು ಕಿಲೋ ಆಗುತ್ತದೆ. ಬೆನ್ನ ಮೇಲಿನ ಕಪ್ಪು ಗೆರೆ ಅದರ ಕರುಳು, ಸೀಳಿ ತೆಗೆಯಿರಿ.

ಮೊದಲ ಸಲ ಕೆಡಿಸಿಬಿಟ್ಟೆ, ಮುಚ್ಚಿಡುವುದೇನು! ಎಲ್ಲವನ್ನೂ ಒಟ್ಟಿಗೆ ಬಾಣಲೆಗೆ ಸುರಿದೆ, ನೀರು ಬಿಟ್ಟುಕೊಂಡಿತು. ಚೆನ್ನಾಗಿ ಬೇಯಲಿ ಅಂತ ಕಾಲು ಗಂಟೆ ಕುದಿಸಿದೆ. ರಬ್ಬರಾಯಿತು. ಮಗಳು ಅಗಿದು ಅಗಿದು, ಏನೂ ಅನ್ನದೆ ಎದ್ದುಹೋದಳು. ಆ ರಾತ್ರಿ ನನಗೆ ನಿದ್ದೆಯಿಲ್ಲ.

ಎರಡನೆಯ ಸಲ ಹೀಗೆ ಮಾಡಿದೆ. ಬಿಡಿಸಿದ ಕಾಲು ಕಿಲೋ ಸೀಗಡಿಗೆ ಅರಿಸಿನ, ಉಪ್ಪು ಸವರಿ ಹತ್ತು ನಿಮಿಷ ಬಿಟ್ಟು, ಬಟ್ಟೆಯಿಂದ ನೀರು ಒತ್ತಿ ತೆಗೆದೆ. ದಪ್ಪ ತಳದ ಬಾಣಲೆಯಲ್ಲಿ ಎರಡು ಚಮಚ ಎಣ್ಣೆ ಚೆನ್ನಾಗಿ ಕಾಯಿಸಿ, ಒಂದರ ಮೇಲೊಂದು ಬೀಳದಂತೆ ಎರಡು ಸರ್ತಿಯಾಗಿ, ಪ್ರತಿ ಮಗ್ಗುಲು ಒಂದೊಂದು ನಿಮಿಷ ಹುರಿದು ತೆಗೆದಿಟ್ಟೆ. ಅದೇ ಬಾಣಲೆಗೆ ಇನ್ನಷ್ಟು ಎಣ್ಣೆ, ಹೆಚ್ಚಿದ ಎರಡು ಈರುಳ್ಳಿ, ಜಜ್ಜಿದ ಎಂಟು ಎಸಳು ಬೆಳ್ಳುಳ್ಳಿ, ಚೂರು ಶುಂಠಿ, ಕರಿಬೇವು. ಕೆಂಪಾದ ಮೇಲೆ ಒಂದು ಚಮಚ ಮೆಣಸಿನಪುಡಿ. ಸಣ್ಣ ನಿಂಬೆ ಗಾತ್ರದ ಹುಣಸೆಯನ್ನು ಅರ್ಧ ಲೋಟ ನೀರಲ್ಲಿ ಕಿವುಚಿದ ರಸ, ಅಷ್ಟೇ ಗಾತ್ರದ ಬೆಲ್ಲ, ಉಪ್ಪು. ರಸ ಜೇನಿನ ಹಾಗೆ ಗಟ್ಟಿಯಾದಾಗ ಸೀಗಡಿ ಹಾಕಿ ಎರಡೇ ನಿಮಿಷ ತಿರುವಿದೆ. ಒಂದನ್ನು ಸೀಳಿ ನೋಡಿ: ಒಳಗೆಲ್ಲ ಬೆಳ್ಳಗಾಗಿರಬೇಕು, ಗಾಜಿನಂತೆ ಕಾಣಬಾರದು. ಅರ್ಧಚಂದ್ರದಂತೆ ಬಾಗಿದರೆ ಹದ. ಉಂಗುರದ ಹಾಗೆ ಸುತ್ತಿಕೊಂಡರೆ ಬೆಂದದ್ದು ಹೆಚ್ಚಾಯಿತು. ಬೆಲ್ಲ ಬಿದ್ದ ಮೇಲೆ ಉರಿ ಸಣ್ಣಗಿರಲಿ, ತಳ ಹಿಡಿದೀತು.

ಮಗಳು ಬಿಸಿ ಅನ್ನಕ್ಕೆ ಕಲಸಿಕೊಂಡು ಮೂರು ಸಲ ಬಡಿಸಿಕೊಂಡಳು. ಅತ್ತೆಯವರು ಬಾಗಿಲಲ್ಲಿ ಕೂತು ನೋಡುತ್ತಿದ್ದರು, ಮಾತಿಲ್ಲ. ಸಂಜೆ ಬಾಣಲೆ ತೊಳೆಯಲು ಹೋದರೆ ಅಂಚಿಗೆ ಮೆತ್ತಿದ್ದ ಮಸಾಲೆಯೇ ಇಲ್ಲ. ಯಾರೋ ಅನ್ನ ಹಾಕಿ ಬಳಿದಿದ್ದರು. ಯಾರೆಂದು ನಾನೂ ಕೇಳಲಿಲ್ಲ.