ಕಣ್ಣುರೆಪ್ಪೆಯ ಸರ್ಜರಿ: ತೆಗೆಯುವುದಕ್ಕಿಂತ ಉಳಿಸುವ ಲೆಕ್ಕ

ಕನ್ನಡಿಯ ಮುಂದೆ ನಿಂತು ಹುಬ್ಬನ್ನು ಬೆರಳಿನಿಂದ ತುಸು ಮೇಲಕ್ಕೆತ್ತಿ ಹಿಡಿಯಿರಿ. ರೆಪ್ಪೆಯ ಜೋಲು ಅಷ್ಟಕ್ಕೇ ಮಾಯವಾದರೆ ಇಳಿದಿರುವುದು ಬಹುಶಃ ಹುಬ್ಬು. ರೆಪ್ಪೆಯ ಅಂಚೇ ಕಣ್ಣಪಾಪೆಯತ್ತ ಇಳಿದಿದ್ದರೆ ದೋಷ ರೆಪ್ಪೆ ಎತ್ತುವ ಸ್ನಾಯುವಿನದು. ವೈದ್ಯರು ಇದನ್ನು ಟೋಸಿಸ್ ಎನ್ನುತ್ತಾರೆ. ಅದರ ಸರ್ಜರಿಯೇ ಬೇರೆ. ಚರ್ಮ ಸಡಿಲವಾಗಿ ರೆಪ್ಪೆಗೂದಲಿನ ಮೇಲೆ ಮಡಿಕೆ ಬಿದ್ದಿದ್ದರೆ, ಇಲ್ಲವೇ ಕೆಳರೆಪ್ಪೆಯಲ್ಲಿ ಕೊಬ್ಬು ಉಬ್ಬಿ ಚೀಲ ಕಟ್ಟಿದ್ದರೆ ಆಗ ಬ್ಲೆಫರೋಪ್ಲಾಸ್ಟಿಯ, ಅಂದರೆ ರೆಪ್ಪೆಯ ಚರ್ಮ, ಕೊಬ್ಬನ್ನು ಸರಿಪಡಿಸುವ ಸರ್ಜರಿಯ ಮಾತು. ಕಣ್ಣ ಸುತ್ತಲಿನ ಕಪ್ಪು ಹೋಗಲೆಂದು ಬರುವವರು ಬಹಳ. ಆ ಕಪ್ಪು ಚರ್ಮದ ಬಣ್ಣವೇ ಆಗಿದ್ದರೆ ಕತ್ತರಿಯಿಂದ ಹೋಗುವಂಥದ್ದಲ್ಲ.

ಮೊದಲ ಭೇಟಿಯಲ್ಲಿ ಬಿಪಿ, ಶುಗರ್, ಥೈರಾಯ್ಡ್ ವಿಚಾರಿಸುತ್ತಾರೆ. ಕಣ್ಣೀರು ಸಾಕಷ್ಟಿದೆಯೇ ಎಂದೂ ನೋಡಬೇಕು. ಒಣಗಣ್ಣಿನವರಿಗೆ ಈ ಸರ್ಜರಿಯ ನಂತರ ಉರಿ ಹೆಚ್ಚಬಹುದು. ಲೇಸಿಕ್ ಮಾಡಿಸಿಕೊಂಡು ಹೆಚ್ಚು ಕಾಲವಾಗಿಲ್ಲದಿದ್ದರೆ ಮುಚ್ಚಿಡದೆ ಹೇಳಿ. ಆಸ್ಪಿರಿನ್‌ನಂಥ ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು, ಅದರಲ್ಲೂ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು, ಅದನ್ನು ತಾವೇ ನಿಲ್ಲಿಸಬಾರದು. ಹೃದಯದ ವೈದ್ಯರನ್ನು ಕೇಳಿಯೇ ತೀರ್ಮಾನಿಸಬೇಕು.

ಸರ್ಜನ್‌ನ ನಿಜವಾದ ಕೈಚಳಕ ಕಾಣುವುದು ಪೆನ್ನಿನಲ್ಲಿ ಗುರುತು ಹಾಕುವಾಗ. ರೋಗಿಯನ್ನು ಕೂರಿಸಿಯೇ ಗುರುತು ಮಾಡುತ್ತಾರೆ, ಏಕೆಂದರೆ ಮಲಗಿದರೆ ಚರ್ಮ ಹಿಂದಕ್ಕೆ ಜಾರಿ ಲೆಕ್ಕ ತಪ್ಪುತ್ತದೆ. ಹುಬ್ಬಿನ ಕೆಳಗಿನಿಂದ ರೆಪ್ಪೆಗೂದಲಿನವರೆಗೆ ಸುಮಾರು 20 ಮಿ.ಮೀ. ಚರ್ಮವಾದರೂ ಉಳಿಯಬೇಕೆಂಬುದು ರೂಢಿಯ ಅಳತೆ. ಅದಕ್ಕಿಂತ ಕಡಿಮೆಯಾದರೆ ನಿದ್ದೆಯಲ್ಲೂ ಕಣ್ಣು ಪೂರ್ತಿ ಮುಚ್ಚದೆ ಕರಿಗುಡ್ಡೆ ಒಣಗಬಹುದು. ಮಿಕ್ಕಿದ್ದನ್ನು ಮುಂದೊಮ್ಮೆ ತೆಗೆಯಬಹುದು; ತೆಗೆದದ್ದನ್ನು ಮೊದಲಿನಂತೆ ಮರಳಿ ಕೂರಿಸುವುದು ಬಲು ಕಷ್ಟ. ಹಾಗಾಗಿ ಜಿಪುಣ ಸರ್ಜನ್ನೇ ಒಳ್ಳೆಯವರು.

ಮೇಲ್ರೆಪ್ಪೆಗೆ ಸಾಮಾನ್ಯವಾಗಿ ಅಲ್ಲಿಗಷ್ಟೇ ಮರಗಟ್ಟುವ ಇಂಜೆಕ್ಷನ್ ಸಾಕು. ಚುಚ್ಚಿದ ಕ್ಷಣ ಚುರುಕ್ಕೆನ್ನುತ್ತದೆ, ಆಮೇಲೆ ಎಳೆದಂತೆ ಅನಿಸುತ್ತದೆ ಅಷ್ಟೆ. ರೆಪ್ಪೆಯ ಸಹಜ ಮಡಿಕೆಯಲ್ಲೇ ಕೊಯ್ಯುವುದರಿಂದ ಕಣ್ಣು ತೆರೆದಾಗ ಗಾಯದ ಗೆರೆ ಅದರೊಳಗೆ ಅಡಗುತ್ತದೆ. ಎರಡೂ ಕಣ್ಣು ಸೇರಿ ಸುಮಾರು ಒಂದು ತಾಸು. ಕೆಳರೆಪ್ಪೆಯಲ್ಲಿ ಕೊಬ್ಬಷ್ಟೇ ತೊಂದರೆಯಾದರೆ ರೆಪ್ಪೆಯ ಒಳಮೈಯಿಂದ ತಲುಪುತ್ತಾರೆ. ಹೊರಗೆ ಕಲೆ ಉಳಿಯುವುದಿಲ್ಲ. ಹಿಂದೆ ಕೊಬ್ಬನ್ನು ಧಾರಾಳವಾಗಿ ತೆಗೆಯುತ್ತಿದ್ದರು, ಆಮೇಲೆ ಕಣ್ಣು ಗುಳಿಬಿದ್ದು ವಯಸ್ಸಾದಂತೆ ಕಾಣುತ್ತಿತ್ತು. ಈಗ ಎಷ್ಟೋ ಸರ್ಜನ್‌ಗಳು ಅದನ್ನೇ ಸರಿಸಿ ತಗ್ಗು ತುಂಬುತ್ತಾರೆ.

ಎರಡು–ಮೂರನೆಯ ದಿನ ಮುಖ ನೋಡಿಕೊಂಡರೆ ಎದೆ ಧಸಕ್ಕೆನ್ನುತ್ತದೆ: ಊತ, ಕಂದು ಬಣ್ಣ, ಒಂದು ಕಣ್ಣು ದೊಡ್ಡದು, ಇನ್ನೊಂದು ಚಿಕ್ಕದು. ಗಾಬರಿ ಬೇಡ. ಮೊದಲ ಎರಡು ದಿನ ತಣ್ಣನೆಯ ಪಟ್ಟಿ, ಮಲಗುವಾಗ ಎರಡು ದಿಂಬು. ಹೊಲಿಗೆಯನ್ನು ಹೆಚ್ಚಾಗಿ 5–7 ದಿನಕ್ಕೆ ಬಿಚ್ಚುತ್ತಾರೆ. ಬಾಗಿ ಕೊಡ ಎತ್ತುವುದು, ಜಿಮ್, ಕಾಡಿಗೆ, ಕಾಂಟ್ಯಾಕ್ಟ್ ಲೆನ್ಸ್ ಎರಡು ವಾರ ದೂರವಿರಲಿ. ಕಂದು ಬಣ್ಣವೂ ಹೆಚ್ಚುಕಡಿಮೆ ಅಷ್ಟರಲ್ಲಿ ಇಳಿಯುತ್ತದೆ. ನಿಜವಾದ ರೂಪ ಕಾಣಲು ಎರಡು ಮೂರು ತಿಂಗಳು ಬೇಕು. ಮನೆಯಲ್ಲಿ ಮದುವೆಯಿದ್ದರೆ ದಿನವನ್ನು ಅದಕ್ಕೆ ತಕ್ಕಂತೆ ಲೆಕ್ಕಹಾಕಿ.

ಕೆಲವು ಲಕ್ಷಣ ಕಂಡರೆ ಮಾತ್ರ ಬೆಳಗಾಗಲಿ ಎಂದು ಕಾಯಬಾರದು: ತಡೆಯಲಾರದ ನೋವು, ಕಣ್ಣು ಮುಂದಕ್ಕೆ ತಳ್ಳಿದಂತಾಗುವುದು, ದೃಷ್ಟಿ ಮಂಜಾಗುವುದು. ಗುಡ್ಡೆಯ ಹಿಂದೆ ರಕ್ತ ಕಟ್ಟಿದರೆ ಹೀಗಾಗುತ್ತದೆ. ತೀರಾ ಅಪರೂಪ, ಆದರೆ ಗಂಟೆಗಳೊಳಗೆ ದೃಷ್ಟಿಯನ್ನೇ ಕಸಿಯಬಲ್ಲದು. ನೋವಿನ ಮಾತ್ರೆ ನುಂಗಿ ಮಲಗದೆ ನೇರ ಆಸ್ಪತ್ರೆಗೆ ಹೊರಡಿ.

ಅಂದಕ್ಕಾಗಿ ಮಾಡಿಸಿಕೊಂಡ ಸರ್ಜರಿಗೆ ಆರೋಗ್ಯ ವಿಮೆ ಹಣ ಕೊಡುವುದಿಲ್ಲ. ಜೋಲುಚರ್ಮ ನೋಟಕ್ಕೇ ಅಡ್ಡ ಬರುತ್ತಿದ್ದರೆ ದೃಷ್ಟಿವ್ಯಾಪ್ತಿಯ ಪರೀಕ್ಷೆ ಮಾಡಿಸಿ, ವರದಿ ಮತ್ತು ಫೋಟೊ ಇಟ್ಟು ವಿಮಾ ಕಂಪನಿಯನ್ನು ಸರ್ಜರಿಗೆ ಮೊದಲೇ ಕೇಳಿ. ಒಪ್ಪಿದರೆ ಲಿಖಿತವಾಗಿ ಪಡೆಯಿರಿ.