ನಿಮಗಿದು ಗೊತ್ತೆ? ಫ್ಯಾನ್ ಹೆಚ್ಚಿದರೆ ಸದ್ದು ಕಡಿಮೆ!

ಗುಂಯ್‌ಗುಡುವ ಡೆಸ್ಕ್‌ಟಾಪ್ ಕಂಪ್ಯೂಟರಿನ ಬಾಯಿ ಮುಚ್ಚಿಸಲು ಒಂದು ದಾರಿ, ಅದರೊಳಗೆ ಇನ್ನೊಂದು ಫ್ಯಾನ್ ಕೂರಿಸುವುದು! ಒಂದೇ ಥರದ ಎರಡು ಫ್ಯಾನ್ ಒಂದೇ ವೇಗದಲ್ಲಿ ತಿರುಗಿದರೆ ಹೆಚ್ಚುವ ಸದ್ದು ಬರೀ 3 ಡೆಸಿಬೆಲ್. ಅದೇ, ಫ್ಯಾನಿನ ವೇಗ ಅರ್ಧಕ್ಕೆ ಇಳಿದರೆ ಸುಮಾರು 15 ಡೆಸಿಬೆಲ್ ತಗ್ಗುತ್ತದೆ. ಗಾಳಿ ಮಾತ್ರ ಅರ್ಧದಷ್ಟೇ ಇಳಿಯುತ್ತದೆ. ಹಾಗಾಗಿ ನಿಮಿಷಕ್ಕೆ 1,200 ಸುತ್ತಿನ ಒಂದು ಫ್ಯಾನಿನ ಬದಲು 600 ಸುತ್ತಿನ ಎರಡು ಅಕ್ಕಪಕ್ಕ ಕೂತರೆ ಗಾಳಿ ಹೆಚ್ಚುಕಡಿಮೆ ಅಷ್ಟೇ, ಸದ್ದು ಸುಮಾರು 12 ಡೆಸಿಬೆಲ್ ಕಡಿಮೆ. ಕಿವಿಗೆ ಅದು ಅರ್ಧಕ್ಕಿಂತಲೂ ಮೆಲ್ಲಗೆ ಕೇಳಿಸುತ್ತದೆ.

ದೊಡ್ಡ ಫ್ಯಾನಿನ ಗುಟ್ಟೂ ಇದೇ. 80 ಮಿಲಿಮೀಟರಿನ ಫ್ಯಾನು ಕೀಂಯ್ ಎಂದು ಸುತ್ತಿ ನೂಕುವ ಗಾಳಿಯನ್ನು 140 ಮಿಲಿಮೀಟರಿನದು ಆರಾಮಾಗಿ ತಿರುಗುತ್ತಲೇ ನೂಕಬಲ್ಲದು.

ಫ್ಯಾನಿನದ್ದೇ ತಪ್ಪು ಎನ್ನುವಂತೆಯೂ ಇಲ್ಲ. ಅದರ ನಡುಕ ಸ್ಕ್ರೂಗಳ ಮೂಲಕ ಕ್ಯಾಬಿನೆಟ್ಟಿಗೆ ಹರಿದು, ತೆಳು ತಗಡೇ ತಮಟೆಯಾಗುತ್ತದೆ. ನಾಲ್ಕು ಮೂಲೆಯ ಸ್ಕ್ರೂ ಬಿಚ್ಚಿ, ಆ ತೂತುಗಳಲ್ಲಿ ಮೆತ್ತನೆಯ ರಬ್ಬರ್ ಪಿನ್ ಎಳೆದು ಸಿಕ್ಕಿಸಿದರೆ ನಡುಕದ ಬಹುಪಾಲು ರಬ್ಬರಿನಲ್ಲೇ ಇಂಗಿಹೋಗುತ್ತದೆ.